ಪದಚರ್ಚೆ: ಕೋಳಿಯ ‘ಮೇವಿನ ಚೀಲ’ಕ್ಕೆ ನಿಮ್ಮ ಕಡೆ ಏನಂತಾರೆ? ಜೊತೆಗೆ ತೂಕಡಿಕೆ, ಕೊಕ್ಕರೆ ರೋಗ

ಎಲ್ಲರಿಗೂ ನಮಸ್ಕಾರ.

ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕುವ ಹೆಂಗಸರಿಗಾಗಿ ಒಂದು ಪುಟದ ಬರಹ ಮಾಡುತ್ತಿದ್ದೇನೆ. ಕೋಳಿ ಮಂಕಾದಾಗ ಏನೇನು ನೋಡಬೇಕು, ಪಶುವೈದ್ಯರಿಗೆ ಫೋನಿನಲ್ಲಿ ಏನು ಹೇಳಬೇಕು ಅನ್ನೋದು ಅದರಲ್ಲಿ ಇರುತ್ತದೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು. ನಾನು ತುಮಕೂರು ಕಡೆಯವಳು. ನಮ್ಮ ಮಾತು ಬೇರೆ ಜಿಲ್ಲೆಯವರಿಗೂ ತಿಳಿಯಬೇಕು ಅನ್ನೋದು ಒಂದು. ನಮ್ಮಲ್ಲೇ ಒಂದು ಪದ ನಾಲ್ಕು ರೋಗಕ್ಕೆ ಓಡಾಡುತ್ತಿದೆ, ಅದು ಇನ್ನೊಂದು ತೊಂದರೆ.

ನಮ್ಮನೆಯಲ್ಲಿ ಒಂದು ಎಳೆ ಯಾಟೆ, ಅಂದರೆ ಹೆಣ್ಣು ಕೋಳಿ ಇದೆ. ಸುಮಾರು ಐದು ತಿಂಗಳದ್ದು, ಇನ್ನೂ ಮೊಟ್ಟೆಗೆ ಬಂದಿಲ್ಲ. ಗರಿ ಕೆದರಿಕೊಂಡು ಮೂಲೆಯಲ್ಲಿ ನಿಂತುಬಿಟ್ಟಿತ್ತು. ಕಾಳು ಚೆಲ್ಲಿದರೂ ಬರಲಿಲ್ಲ. ಪಕ್ಕದ ಮನೆ ಅಜ್ಜಿ ನೋಡಿ, ‘ತೂಕಡಿಸ್ತೈತೆ ಕಣವ್ವ, ಕೊಕ್ಕರೆ ರೋಗ ಇರಬೇಕು, ಸಾಯೋಕೆ ಮುಂಚೆ ಕುಯ್ಕೊಂಡುಬಿಡಿ’ ಅಂದರು. ವೈದ್ಯರು ಮಾತ್ರ ಫೋನಿನಲ್ಲಿ ರೋಗದ ಹೆಸರನ್ನೇ ಕೇಳಲಿಲ್ಲ. ಹಿಕ್ಕೆ ಯಾವ ಬಣ್ಣ? ಬಾಯಿ ತೆರೆದು ಉಸಿರಾಡ್ತಿದೆಯಾ? ಕತ್ತು ತಿರುಚಿದೆಯಾ? ಎರಡು ಕಾಲೂ ಊರ್ತಿದೆಯಾ? ಬೆಳಿಗ್ಗೆ ಮೇವು ಹಾಕೋ ಮುಂಚೆ ಕುತ್ತಿಗೆ ಬುಡದ ಚೀಲ ಖಾಲಿ ಇತ್ತಾ? ಇಷ್ಟೇ ಅವರ ಪ್ರಶ್ನೆಗಳು.

ಈಗ ಪದಗಳಿಗೆ ಬರುತ್ತೇನೆ.

‘ತೂಕಡಿಕೆ’ ನಮ್ಮ ಕಡೆ ರೋಗದ ಹೆಸರಿನಂತೆಯೇ ಬಳಕೆಯಾಗುತ್ತದೆ. ಆದರೆ ಅದು ಕಣ್ಣಿಗೆ ಕಾಣುವ ಒಂದು ಲಕ್ಷಣ ಅಷ್ಟೇ. ರಕ್ತಭೇದಿ ಬಂದ ಮರಿಯೂ ತೂಕಡಿಸುತ್ತದೆ, ಹೊಟ್ಟೆಯಲ್ಲಿ ಹುಳು ತುಂಬಿದ್ದೂ ತೂಕಡಿಸುತ್ತದೆ, ಮೊದಲ ಮೊಟ್ಟೆ ಒಳಗೇ ಸಿಕ್ಕಿಕೊಂಡ ಯಾಟೆಯೂ ತೂಕಡಿಸುತ್ತದೆ. ನೋವು ಯಾವುದೇ ಇರಲಿ, ಕೋಳಿ ಗರಿ ಉಬ್ಬಿಸಿ ಕಣ್ಣು ಮುಚ್ಚುತ್ತದೆ. ಹಾಗಾಗಿ ‘ತೂಕಡಿಸುತ್ತಿದೆ’ ಅನ್ನುವ ಕ್ರಿಯಾಪದ ಇರಲಿ, ‘ತೂಕಡಿಕೆ ರೋಗ’ ಬೇಡ ಅಂತ ನನ್ನ ಅಭಿಪ್ರಾಯ. ಒಪ್ಪುತ್ತೀರಾ?

‘ಕೊಕ್ಕರೆ ರೋಗ’ ಹಾಗಲ್ಲ. ಅದು ನಿಜವಾಗಿಯೂ ಒಂದೇ ರೋಗದ ಹೆಸರು. ಪಶು ಇಲಾಖೆಯವರು ರಾಣಿಖೇತ್ ಅನ್ನೋದು ಇದನ್ನೇ. ನಮ್ಮ ದೇಶದಲ್ಲಿ 1920ರ ದಶಕದ ಕೊನೆಗೆ, ಇವತ್ತಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ಆ ಹೆಸರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1926ರಲ್ಲಿ ಕಂಡದ್ದರಿಂದ ಹೊರಗಡೆ ನ್ಯೂಕ್ಯಾಸಲ್ ಕಾಯಿಲೆ ಅನ್ನುತ್ತಾರೆ. ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು, ಕಾಲು ರೆಕ್ಕೆ ಸೋಲುವುದು ಇದರ ಗುರುತು. ಒಂದಕ್ಕೆ ಬಂದರೆ ಕೇರಿಯ ಕೋಳಿಗೆಲ್ಲ ಹಬ್ಬುತ್ತದೆ. ಬಂದ ಮೇಲೆ ಔಷಧಿ ಇಲ್ಲ. ಮೊದಲೇ ಲಸಿಕೆ ಹಾಕಿಸಬೇಕು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಹೊತ್ತಿಗೆ ಆರ್‌ಟೂಬಿ ಅನ್ನೋ ಲಸಿಕೆಯ ಚುಚ್ಚುಮದ್ದು. ಒಂದೇ ಒಂದು ಕೋಳಿ ಮಂಕಾಗಿ, ಉಳಿದವೆಲ್ಲ ಕೆದಕಿಕೊಂಡು ಓಡಾಡುತ್ತಿದ್ದರೆ, ತಕ್ಷಣ ‘ಕೊಕ್ಕರೆ ರೋಗ’ ಅನ್ನುವುದು ಸರಿಯಲ್ಲ. ಆ ಹೆಸರು ಬಾಯಿಗೆ ಬಂದ ಕೂಡಲೇ ಜನ ಕೈಚೆಲ್ಲಿಬಿಡುತ್ತಾರೆ. ವಾಸಿಯಾಗಬಹುದಾದ ಎಷ್ಟೋ ಕೋಳಿಗಳು ಹಾಗೆಯೇ ಹೋಗುತ್ತವೆ, ನನಗೆ ತುಂಬ ಬೇಜಾರಾಗುವುದು ಇದಕ್ಕೇ. ಇಲ್ಲಿ ನನ್ನ ಪ್ರಶ್ನೆ: ಈ ಹೆಸರು ಕೊಕ್ಕರೆ ಹಕ್ಕಿಯಿಂದ ಬಂದದ್ದಾ, ಅಂದರೆ ಕತ್ತು ಡೊಂಕಾಗುವುದರಿಂದ? ಅಥವಾ ಉಸಿರು ಕಟ್ಟಿದಾಗ ಗಂಟಲಲ್ಲಿ ಬರುವ ಸದ್ದಿನಿಂದಲಾ? ಬಲ್ಲವರು ತಿಳಿಸಿ.

‘ಜ್ವರ’ದ ಬಗ್ಗೆ ಒಂದು ಮಾತು. ‘ಮೈ ಸುಡ್ತಿದೆ, ಜ್ವರ ಬಂದಿದೆ’ ಅಂತ ಸುಮಾರು ಜನ ಹೇಳುತ್ತಾರೆ. ಕೋಳಿಯ ಮೈ ಯಾವಾಗಲೂ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ನಮ್ಮ ಕೈಗೆ ಅದು ಬಿಸಿಯಾಗಿಯೇ ಸಿಗುತ್ತದೆ. ಆದ್ದರಿಂದ ಬರಹದಲ್ಲಿ ಜ್ವರ ಅನ್ನುವ ಪದವನ್ನೇ ಬಿಟ್ಟಿದ್ದೇನೆ. ‘ಬಿಳಿ ಭೇದಿ’ಯ ಕಥೆಯೂ ಹಾಗೆಯೇ. ಕೋಳಿಗೆ ಮೂತ್ರ ಬೇರೆ ಹೋಗುವುದಿಲ್ಲ, ಹಿಕ್ಕೆಯ ಮೇಲೆ ಬಿಳಿ ಟೋಪಿಯಂತೆ ಕೂತಿರುತ್ತದೆ. ಅದು ಆರೋಗ್ಯದ ಹಿಕ್ಕೆ. ಪೂರ್ತಿ ನೀರಾಗಿ ಬಿಳಿಯಾಗಿದ್ದರೆ ಮಾತ್ರ ಭೇದಿ. ಇದನ್ನು ಎರಡು ಪದದಲ್ಲಿ ಬೇರೆ ಮಾಡಿ ಹೇಳೋ ರೂಢಿ ಯಾರಲ್ಲಾದರೂ ಇದೆಯಾ?

ನನಗೆ ಜಾಸ್ತಿ ಬೇಕಾಗಿರುವ ಪದ ಇದು. ಕೋಳಿ ತಿಂದ ಕಾಳು ಹೊಟ್ಟೆಗೆ ಇಳಿಯುವ ಮೊದಲು ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲ್ಗಡೆ ಸ್ವಲ್ಪ ಬಲಕ್ಕೆ ಒಂದು ಚೀಲದಲ್ಲಿ ನಿಲ್ಲುತ್ತದೆ. ಸಂಜೆ ಗೂಡು ಸೇರುವಾಗ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿ ಉಂಡೆಯಂತಿದ್ದರೆ ಹುಲ್ಲೋ ನಾರೋ ಸಿಕ್ಕಿಕೊಂಡಿದೆ ಅಂತ ಲೆಕ್ಕ. ಮೆತ್ತಗೆ ಜುಳುಜುಳು ಅನ್ನುತ್ತಾ ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಹುದುಗು ಬಂದಿದೆ ಅಂತ. ನಮ್ಮ ಯಾಟೆಗೆ ಆಗಿದ್ದು ಮೊದಲನೆಯದು. ವೈದ್ಯರು ಹೇಳಿದಂತೆ ಅದನ್ನು ಬೇರೆ ಮಂಕರಿಯಲ್ಲಿ ಬೆಚ್ಚಗೆ ಇಟ್ಟು, ಕಾಳು ನಿಲ್ಲಿಸಿ, ಸ್ವಲ್ಪಸ್ವಲ್ಪ ನೀರು ಕುಡಿಸಿ, ಚೀಲವನ್ನು ಬೆರಳಲ್ಲಿ ಮೆಲ್ಲಗೆ ನೀವಿದೆವು. ನಿಧಾನಕ್ಕೆ ಇಳಿಯಿತು. ಈಗ ರಾಗಿ ಮುದ್ದೆಯ ಚೂರು ತಿನ್ನುತ್ತಿದೆ. ಕೆಲವರು ಕೋಳಿಯನ್ನು ತಲೆಕೆಳಗು ಹಿಡಿದು ಕಕ್ಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಳಗಿನದು ಉಸಿರ ಕೊಳವೆಗೆ ಹೋದರೆ ಅಲ್ಲೇ ಸಾಯುತ್ತದೆ.

ಇಷ್ಟು ಮುಖ್ಯವಾದ ಚೀಲಕ್ಕೆ ನನ್ನ ಹತ್ತಿರ ಒಂದು ನಿಂತ ಹೆಸರಿಲ್ಲ. ನಮ್ಮಮ್ಮ ‘ಮೇವಿನ ಚೀಲ’ ಅನ್ನುತ್ತಾರೆ. ‘ಗಂಟಲ ಚೀಲ’ ಅನ್ನೋರನ್ನೂ ಕೇಳಿದ್ದೇನೆ. ‘ಹೊಟ್ಟೆ ಉಬ್ಬಿದೆ’ ಅಂತ ಹೇಳಿದರೆ ವೈದ್ಯರಿಗೆ ಬೇರೆಯೇ ಅರ್ಥ ಹೋಗುತ್ತದೆ, ಅಲ್ವಾ? ಮೊಟ್ಟೆ ಸಿಕ್ಕಿಕೊಂಡರೂ, ಒಳಗೆ ನೀರು ತುಂಬಿದರೂ ಉಬ್ಬುವುದು ಕೆಳಹೊಟ್ಟೆ. ಗಂಟಲ ಚೀಲ ಅಂದರೆ ಕೆಲವರು ಗದ್ದದ ಕೆಳಗೆ ಜೋತಾಡುವ ಕೆಂಪು ಚರ್ಮವನ್ನು ಮುಟ್ಟಿ ನೋಡುತ್ತಾರೆ. ಹಾಗಾಗಿ ಸದ್ಯಕ್ಕೆ ‘ಮೇವಿನ ಚೀಲ’ ಅಂತಲೇ ಬರೆದಿದ್ದೇನೆ.

ಕೊನೆಯದು ಚಿಕ್ಕ ಪ್ರಶ್ನೆ. ಪಿಳ್ಳೆ ಅಂದರೆ ಮರಿ, ಯಾಟೆ ಅಥವಾ ಹೇಂಟೆ ಅಂದರೆ ಹೆಣ್ಣು ಕೋಳಿ. ನಡುವಿನದಕ್ಕೆ, ಅಂದರೆ ಬೆಳೆದಿದೆ ಆದರೆ ಮೊಟ್ಟೆಗೆ ಬಂದಿಲ್ಲ ಅನ್ನೋ ಕೋಳಿಗೆ, ಒಂದೇ ಪದ ಇದೆಯಾ? ವೈದ್ಯರಿಗೆ ಈ ವ್ಯತ್ಯಾಸ ಬೇಕು. ಮೊಟ್ಟೆ ಇಟ್ಟ ಕೋಳಿ ಮಂಕಾಗಿ ಕೂತರೆ ಕಾವಿಗೆ ಬಂದಿರಬಹುದು, ಅದು ರೋಗವೇ ಅಲ್ಲ. ಒಂದೂ ಮೊಟ್ಟೆ ಇಡದ ಎಳೆಯದು ಹಾಗೆ ಕೂತರೆ ಕಾವು ಅಂತ ಬಿಡುವಂತಿಲ್ಲ.

ಕರಾವಳಿ, ಕೊಡಗು, ಮಲೆನಾಡು, ಕಲಬುರಗಿ, ಬೀದರ್ ಕಡೆಯವರು ದಯವಿಟ್ಟು ಬರೆಯಿರಿ. ಪದಕೋಶದ ಪದಕ್ಕಿಂತ ನಿಮ್ಮ ಮನೆಯಲ್ಲಿ ಆಡುವ ಪದ ಬೇಕು. ಜೊತೆಗೆ ಊರಿನ ಹೆಸರು ಹಾಕಿ. ಬರಹದಲ್ಲಿ ‘ಮೇವಿನ ಚೀಲ’ದ ಪಕ್ಕದಲ್ಲೇ ಅವನ್ನೆಲ್ಲ ಸೇರಿಸುತ್ತೇನೆ.