ಅಡಿಕೆ ಗೊನೆ ಬಿದ್ದಾಗ ನೆಲಕ್ಕೆ ತಾಗುವ ಬಲ ಬರೀ 78 ನ್ಯೂಟನ್ನಾ?

ಪ್ರಶ್ನೆ (ತೀರ್ಥಹಳ್ಳಿ, ಪ್ರಥಮ ಪಿಯು)
8 ಕೆಜಿ ಗೊನೆ 10 ಮೀಟರ್ ಮೇಲಿಂದ ಬಿತ್ತು ಅಂತಿಟ್ಟುಕೊಳ್ಳಿ. ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ 8 × 9.8 = 78.4 ನ್ಯೂಟನ್. ಗೊನೆಯನ್ನು ಮೆತ್ತಗೆ ನೆಲದ ಮೇಲಿಟ್ಟರೂ ಅಷ್ಟೇ. ಮತ್ತೆ ಬಿದ್ದ ಗೊನೆ ಮಾತ್ರ ಯಾಕೆ ಒಡೆದು ಕಾಯಿ ಚೆಲ್ಲುತ್ತೆ ಸರ್?

ಉತ್ತರ 1
78.4 ಭೂಮಿ ಎಳೆಯುವ ಬಲ. ನೆಲ ತಡೆಯುವ ಬಲದ ಲೆಕ್ಕ ಬೇರೆ. ನೆಲ ಮುಟ್ಟುವಾಗ ವೇಗ √(2 × 9.8 × 10) = 14 ಮೀ/ಸೆ. ಸಂವೇಗ, ಅಂದರೆ ದ್ರವ್ಯರಾಶಿ × ವೇಗ, 8 × 14 = 112 ಕೆಜಿ·ಮೀ/ಸೆ. ಅಷ್ಟೂ ಸೊನ್ನೆಯಾಗಬೇಕು. ಗಟ್ಟಿ ನೆಲದಲ್ಲಿ ಅದಕ್ಕೆ 0.01 ಸೆಕೆಂಡ್ ಹಿಡಿದರೆ 112 ÷ 0.01 = 11,200 ನ್ಯೂಟನ್. ನ್ಯೂಟನ್ನನ ಎರಡನೇ ನಿಯಮದ ಮೂಲ ರೂಪ ಇದೇ: ಬಲ ಅಂದರೆ ಸಂವೇಗ ಬದಲಾಗುವ ದರ. ಹುಲ್ಲಿನ ರಾಶಿ ಮೇಲೆ ಬಿದ್ದು 0.2 ಸೆಕೆಂಡ್ ಹಿಡಿದರೆ 560 ನ್ಯೂಟನ್ ಸಾಕು.

ಉತ್ತರ 2
ವಿಧಾನ ಸರಿ, ಎರಡು ತಿದ್ದುಪಡಿ. ಒಂದು, 112 ÷ ಕಾಲ ಅಂದರೆ ನಿವ್ವಳ ಬಲ (ನೆಲದ ಬಲದಿಂದ ಗೊನೆಯ ತೂಕ ಕಳೆದು ಉಳಿದದ್ದು). ನೆಲದ ಬಲಕ್ಕೆ ಗೊನೆಯ ತೂಕ 78 ಸೇರಿಸಿ. 11,200ರ ಮುಂದೆ ಅದು ಲೆಕ್ಕಕ್ಕಿಲ್ಲ, 560ಕ್ಕೆ ಸೇರಿದರೆ 638 ಆಗುತ್ತೆ. ಎರಡನೆಯದು ದೊಡ್ಡದು: ಕಾಲವನ್ನು ಮನಸ್ಸಿಗೆ ಬಂದಂತೆ ಹಾಕಲಾಗದು. ವೇಗ ಸಮವಾಗಿ ಇಳಿದರೆ ನಿಲ್ಲುವ ದೂರ = ಸರಾಸರಿ ವೇಗ 7 × ಕಾಲ. 0.2 ಸೆಕೆಂಡಿಗೆ 1.4 ಮೀಟರ್ ಹುಲ್ಲು ಕುಸಿಯಬೇಕು! 35 ಸೆಂ.ಮೀ. ಕುಸಿದರೆ 0.05 ಸೆಕೆಂಡ್, ಬಲ ಸುಮಾರು 2,300 ನ್ಯೂಟನ್. ಅದಕ್ಕೇ ಮಲೆನಾಡಿನಲ್ಲಿ ಗೊನೆಯನ್ನು ಹಗ್ಗದ ಮೇಲೆ ಜಾರಿಸಿ ಇಳಿಸೋದು. ಹಗ್ಗದ ಉಜ್ಜಾಟ ಗೊನೆಗೆ 14 ಮೀ/ಸೆ ವೇಗ ಬರೋಕೇ ಬಿಡೋದಿಲ್ಲ. ಕೆಳಗೆ ಬರುವಾಗ 4 ಮೀ/ಸೆ ಇದ್ದರೆ ಸಂವೇಗ ಬರೀ 32. ಹಗ್ಗ ಹಿಡಿದವರು ಕೈ ಸಡಿಲಿಸುತ್ತಾ 0.2 ಸೆಕೆಂಡಿನಲ್ಲಿ ನಿಲ್ಲಿಸಿದರೆ ನಿವ್ವಳ ಬಲ 160 ನ್ಯೂಟನ್. ಕಾಯಿ ಉದುರೋದಿಲ್ಲ.

ಉತ್ತರ 3
ಬರೀ ದ್ರವ್ಯರಾಶಿ × ವೇಗೋತ್ಕರ್ಷ ಕಲಿತವರು ಹರಿಯುವ ನೀರಿನ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ, ಅಲ್ಲಿ ಯಾವ ನೀರಿನ ದ್ರವ್ಯರಾಶಿ ಅಂತಲೇ ತಿಳಿಯೋದಿಲ್ಲ. ಸೆಕೆಂಡಿಗೆ 2 ಲೀಟರ್ ನೀರು 15 ಮೀ/ಸೆ ವೇಗದಲ್ಲಿ ಚಪ್ಪಟೆ ಹಲಗೆಗೆ ಬಡಿದು ಪಕ್ಕಕ್ಕೆ ಚೆಲ್ಲಿದರೆ ಬಲ 2 × 15 = 30 ನ್ಯೂಟನ್. ಅದೇ ನೀರನ್ನು ಬಟ್ಟಲಿನಂಥ ತಗಡು ಪೂರ್ತಿ ಹಿಂದಕ್ಕೆ ತಿರುಗಿಸಿದರೆ +15 ಇದ್ದದ್ದು −15 ಆಯ್ತು, ಬಲ 60. ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರದ ಪೆಲ್ಟನ್ ಚಕ್ರಗಳಿಗೆ (ಅಂಚಿನ ಬಟ್ಟಲುಗಳಿಗೆ ನೀರು ಬಡಿದು ತಿರುಗುವ ಚಕ್ರಗಳು) ಜೋಡಿ ಬಟ್ಟಲು ಇರೋದು ಇದಕ್ಕೇ. ಆದರೆ 60 ಬರೋದು ಬಟ್ಟಲು ನಿಂತಿದ್ದಾಗ. ಚಕ್ರ ತಿರುಗುವಾಗ ನೀರಿನ ವೇಗದಿಂದ ಬಟ್ಟಲಿನ ವೇಗ ಕಳೆದು ಲೆಕ್ಕ ಹಾಕಿ. ಬಟ್ಟಲಿನ ವೇಗ ನೀರಿನದರ ಅರ್ಧ ಇದ್ದಾಗ ಸಿಗುವ ಶಕ್ತಿ ಗರಿಷ್ಠ.