ಮನೆಯಲ್ಲೇ ತೊಳೆದ ಕಪ್ಪು-ಬಿಳುಪು ಫಿಲಂ ಹಾಲಿನಂತೆ ಮಸುಕಾಗಿದೆ, ಕಾರಣವೇನು?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕೋಟೆಯೊಳಗಿರುವ ಜಾಮಿ ಮಸೀದಿಯ ಕಮಾನುಗಳನ್ನು ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲಂನಲ್ಲಿ ತೆಗೆದು, ಕಳೆದ ಭಾನುವಾರ ಮೊದಲ ಬಾರಿಗೆ ಮನೆಯಲ್ಲೇ ತೊಳೆದೆ. ಚಿತ್ರ ಮೂಡಿಸುವ ಡಿ-76 ಡೆವಲಪರಿಗೆ ನೀರು ಬೆರೆಸದೆ, ಸಮಯದ ಪಟ್ಟಿಯಲ್ಲಿ ಕೊಟ್ಟಿರುವಂತೆ ಏಳೂವರೆ ನಿಮಿಷ ಇಟ್ಟೆ. ಅನಂತರ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ಆಗಿ, ಕೆಮಿಕಲ್ ಅಂಗಡಿಯಿಂದ ತಂದ ಹೈಪೋ ಹರಳನ್ನು ಲೀಟರಿಗೆ 250 ಗ್ರಾಂನಂತೆ ಕರಗಿಸಿ, ಅದರಲ್ಲಿ ನಾಲ್ಕು ನಿಮಿಷ ಇಟ್ಟು ನಲ್ಲಿ ನೀರಿನಲ್ಲಿ ತೊಳೆದೆ. ಈಗ ನೆಗೆಟಿವ್‌ನಲ್ಲಿ ಆಕಾಶವು ಬೆಳಕೇ ಹಾಯದಷ್ಟು ಕಪ್ಪಾಗಿದೆ. ಕಂಬಗಳ ನೆರಳಿರುವ ಕಡೆಯೆಲ್ಲ ಹಾಲು ಚೆಲ್ಲಿದಂತೆ ಮಸುಕಾಗಿದೆ. ಒಣಗಿದ ಮೇಲೆ ಬಿಳಿಯ ದುಂಡು ಕಲೆಗಳೂ ಕಾಣಿಸಿವೆ. ಅಂದು ನೀರಿನ ಉಷ್ಣತೆ 31 ಡಿಗ್ರಿ ಇತ್ತು. ಈ ರೋಲನ್ನು ಉಳಿಸಿಕೊಳ್ಳಲು ಸಾಧ್ಯವೇ?

ಉತ್ತರ 1 (ಶಿವಮೊಗ್ಗ, ಹಿಂದೆ ಸ್ಟುಡಿಯೋ ನಡೆಸುತ್ತಿದ್ದೆ)

ದಯವಿಟ್ಟು ಆ ರೋಲನ್ನು ಎಸೆಯಬೇಡಿ. ಹಾಲಿನಂತೆ ಕಾಣುತ್ತಿರುವುದು ಹೈಪೋದಲ್ಲಿ ಕರಗದೆ ಫಿಲಂನಲ್ಲೇ ಉಳಿದ ಬೆಳ್ಳಿಯ ಲವಣ. ಬೆಳಕು ಕಡಿಮೆ ಬಿದ್ದ ನೆರಳಿನ ಭಾಗದಲ್ಲಿ ಅದು ಹೆಚ್ಚು ಉಳಿಯುವುದರಿಂದಲೇ ನಿಮ್ಮ ಕಂಬಗಳು ಮಸುಕಾಗಿವೆ. ನಾಲ್ಕು ನಿಮಿಷದ ಲೆಕ್ಕ ಅಮೋನಿಯಂ ಥಯೋಸಲ್ಫೇಟ್ ಇರುವ ರ‍್ಯಾಪಿಡ್ ಫಿಕ್ಸರಿಗೆ ಹೊಂದುತ್ತದೆಯೇ ಹೊರತು, ಸೋಡಿಯಂ ಥಯೋಸಲ್ಫೇಟ್ ಆಗಿರುವ ಹೈಪೋ ಹರಳಿಗಲ್ಲ. ಇದು ನಿಧಾನವಾಗಿ ಕೆಲಸ ಮಾಡುತ್ತದೆ. ಹೊಸದಾಗಿ ಹೈಪೋ ಕಲಸಿ, ಫಿಲಂ ಅನ್ನು ನೀರಿನಲ್ಲಿ ನೆನೆಸಿಕೊಂಡು, ಅದರಲ್ಲಿ ಹತ್ತು ನಿಮಿಷ ಇಡಿ. ಕತ್ತಲೆ ಬೇಕಾಗಿಲ್ಲ.

ಮುಂದಿನ ಸಲ ಗಡಿಯಾರವನ್ನು ನಂಬುವ ಮೊದಲು ಫಿಲಂ ತುದಿಯ ಒಂದು ತುಂಡನ್ನು ಹೈಪೋದಲ್ಲಿ ಹಾಕಿ ನೋಡಿ: ಅದು ಪೂರ್ತಿ ತಿಳಿಯಾಗಲು ಎಷ್ಟು ಹೊತ್ತು ಹಿಡಿಯುವುದೋ ಅದರ ಎರಡರಷ್ಟು ಹೊತ್ತು ರೋಲನ್ನು ಇಡಬೇಕು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲಂ ತೊಳೆಯುತ್ತಿದ್ದ ಕಾಲದಿಂದಲೂ ನಾನು ಈ ಪರೀಕ್ಷೆಯನ್ನು ಬಿಟ್ಟವನಲ್ಲ.

ಉತ್ತರ 2 (ವಿಜಯಪುರ)

ಹೈಪೋ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ. ಆದರೆ ಆಕಾಶ ಕಪ್ಪಾಗಲು ಕಾರಣ ನೀರಿನ ಬಿಸಿ. ಪಟ್ಟಿಯ ಏಳೂವರೆ ನಿಮಿಷ 20 ಡಿಗ್ರಿಯ ದ್ರಾವಣಕ್ಕೆ ಹೇಳಿದ್ದು. 31 ಡಿಗ್ರಿಯಲ್ಲಿ ಡೆವಲಪರ್ ಬಹಳ ಚುರುಕಾಗುತ್ತದೆ. ಹಾಗೆಂದು ಸಮಯವನ್ನು ಮೂರು ನಿಮಿಷಕ್ಕೆ ಇಳಿಸುವುದೂ ಪರಿಹಾರವಲ್ಲ, ಏಕೆಂದರೆ ಐದು ನಿಮಿಷಕ್ಕಿಂತ ಕಡಿಮೆಯಾದರೆ ಫಿಲಂ ಎಲ್ಲ ಕಡೆ ಸಮನಾಗಿ ತೊಳೆದು ಬರುವುದಿಲ್ಲ. ನಮ್ಮ ಬೇಸಿಗೆಯಲ್ಲಿ 20 ಡಿಗ್ರಿಗೆ ಹಟ ಹಿಡಿಯದೆ 24 ಡಿಗ್ರಿಯನ್ನು ಗುರಿಯಾಗಿಟ್ಟುಕೊಳ್ಳಿ. ಡಿ-76 ಮತ್ತು ನೀರನ್ನು ಸಮಪಾಲು ಬೆರೆಸಿ ಸುಮಾರು ಒಂಬತ್ತು ನಿಮಿಷ ಇಡಿ.

ಬೆರೆಸುವ ನೀರನ್ನು ನಾನು ರಾತ್ರಿಯೇ ಮಣ್ಣಿನ ಹರವಿಯಲ್ಲಿ ತುಂಬಿಡುತ್ತೇನೆ. ನಮ್ಮ ಕಡೆಯ ಒಣ ಹವೆಗೆ ಅದು ಬೆಳಗಿನ ಹೊತ್ತಿಗೆ ಚೆನ್ನಾಗಿ ತಂಪಾಗಿರುತ್ತದೆ. ಇನ್ನೂ ಇಳಿಸಬೇಕಾದರೆ ಬಾಟಲಿಗಳನ್ನು ನೀರಿನ ಬೋಗುಣಿಯಲ್ಲಿಟ್ಟು, ಆ ನೀರಿಗೆ ಮಂಜುಗಡ್ಡೆ ಹಾಕಿ. ಡೆವಲಪರಿಗೇ ಹಾಕಿದರೆ ಅದು ತೆಳುವಾಗುತ್ತದೆ. ತೊಳೆಯುವ ನೀರೂ ಅದೇ ಉಷ್ಣತೆಯ ಆಸುಪಾಸಿನಲ್ಲಿರಲಿ. ಮಾಳಿಗೆಯ ಟ್ಯಾಂಕಿನಿಂದ ಬರುವ ಬಿಸಿ ನೀರನ್ನು ತಂಪಾದ ಫಿಲಂ ಮೇಲೆ ನೇರವಾಗಿ ಬಿಟ್ಟರೆ ಎಮಲ್ಷನ್ (ಫಿಲಂ ಮೇಲೆ ಚಿತ್ರ ಮೂಡುವ ಪದರ) ಸುಕ್ಕುಗಟ್ಟುವ ಅಪಾಯವಿದೆ.

ಉತ್ತರ 3 (ಮಂಗಳೂರು)

ಬಿಳಿ ಕಲೆಗಳು ಗಡಸು ನೀರಿನ ಸುಣ್ಣದವು. ಕೊನೆಯ ಜಾಲಾಟಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಫಿಲಂ ಅನ್ನು ಫ್ಯಾನ್ ಹಾಕದ ಸ್ನಾನದ ಮನೆಯಲ್ಲಿ ತೂಗುಹಾಕಿ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ, ಆದ್ದರಿಂದ ಅದನ್ನು ಗಿಡಗಳ ಬುಡಕ್ಕೆ ಸುರಿಯಬೇಡಿ.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹೊಸ ಹೈಪೋದಲ್ಲಿ ತುಂಡು ತಿಳಿಯಾಗಲು ಆರು ನಿಮಿಷ ಹಿಡಿಯಿತು, ಆದ್ದರಿಂದ ರೋಲನ್ನು ಹನ್ನೆರಡು ನಿಮಿಷ ಇಟ್ಟೆ. ಮಸುಕು ಪೂರ್ತಿ ಹೋಗಿದೆ; ಆಕಾಶ ಹಾಗೆಯೇ ಕಪ್ಪಾಗಿ ಉಳಿದಿದ್ದರೂ ಕಮಾನುಗಳ ಒಳಗಿನ ಕಂಬಗಳನ್ನು ಒಂದೊಂದಾಗಿ ಎಣಿಸಬಹುದಾಗಿದೆ. ಎರಡನೆಯ ರೋಲಿಗಾಗಿ ಹರವಿಯಲ್ಲಿ ನೀರು ತುಂಬಿಟ್ಟಿದ್ದೇನೆ.