ಸಂಪ್ ತುಂಬಿದ್ರೆ ನೀರು ಎಳೆಯುತ್ತೆ, ಅರ್ಧಕ್ಕಿಳಿದ್ರೆ ಬರೀ ಗಾಳಿ! ಎರಡು ಫುಟ್‌ವಾಲ್ವ್ ಆಯ್ತು, ಮುಂದೇನು?

ಕೆಂಗೇರಿ_ಕೋಡಿ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ಬೇಜಾರ್ ಮಾಡ್ಕೋಬೇಡಿ. ನಮ್ದು ಕೆಂಗೇರಿ ಕಡೆ 30-40 ಸೈಟು, ಮನೆ ಕಟ್ಟಿ ಮೂರು ವರ್ಷ. ಈ ಅಳತೆಗೆ ಮಳೆನೀರು ಕೊಯ್ಲು ಹೆಂಗೂ ಕಡ್ಡಾಯ, ಮಾಡೋದು ಮಾಡ್ತೀವಿ ನೆಟ್ಟಗೆ ಮಾಡೋಣ ಅಂತ ಬರೀ ಇಂಗುಗುಂಡಿ ಬಿಟ್ಟು ಮಳೆನೀರಿಗೇ ಅಂತ ಬೇರೆ ಸಂಪ್ ಕಟ್ಟಿಸ್ದೆ. 7 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ, ಹೆಚ್ಚುಕಮ್ಮಿ 6000 ಲೀಟ್ರು. ಪಕ್ಕದ ಕಟ್ಟೆ ಮೇಲೆ ಅರ್ಧ ಹೆಚ್‌ಪಿ ಸೆಂಟ್ರಿಫ್ಯೂಗಲ್ ಮಾನೋಬ್ಲಾಕ್, ಒಂದಿಂಚು ಪಿವಿಸಿ ಸಕ್ಷನ್, ಮೇಲೆ 1000 ಲೀಟ್ರು ಟ್ಯಾಂಕು. ಪಾತ್ರೆ, ಬಟ್ಟೆ, ಗಿಡ, ಟಾಯ್ಲೆಟ್ಟು ಎಲ್ಲಾ ಇದ್ರಲ್ಲೇ, ಕುಡಿಯೋಕೆ ಅಡುಗೆಗೆ ಮಾತ್ರ ಕಾವೇರಿ.

ಸಮಸ್ಯೆ ಏನಪ್ಪಾ ಅಂದ್ರೆ ಏಪ್ರಿಲ್ ಮಳೆಗೆ ಸಂಪ್ ತುಂಬ್ತು, ಮೊದಲೆರಡು ದಿನ ಮೋಟ್ರು ಜಮ್ಮಂತ ಓಡ್ತು. ನೀರು ಅರ್ಧಕ್ಕೆ ಬಂದ ಮೇಲೆ ಟ್ಯಾಂಕ್ ಹತ್ರ ಪುಸ್ ಪುಸ್ ಅಂತ ಗಾಳಿ, ಐದು ನಿಮಿಷಕ್ಕೆ ನೀರು ಪೂರ್ತಿ ಬಂದ್, ಮೋಟ್ರು ಸೌಂಡು ಹಗುರ ಆಗೋಗುತ್ತೆ. ಮಗ್‌ನಲ್ಲಿ ನೀರು ಹುಯ್ದು ಪ್ರೈಮ್ ಮಾಡಿದ್ರೆ ಮತ್ತೆ ಐದು ನಿಮಿಷ ಬಂದು ನಿಲ್ಲುತ್ತೆ. ಪ್ಲಂಬರ್ ಬಂದ್ರು, ಸಕ್ಷನ್ ಪೈಪಿನ ತಳದಲ್ಲಿ ನೀರು ವಾಪಸ್ ಇಳಿಯದಂಗೆ ತಡೆಯೋ ಫುಟ್‌ವಾಲ್ವ್ ಹೋಗಿದೆ ಅಂದ್ರು, ಬದಲಾಯಿಸಿದ್ರು, ಅಷ್ಟೊತ್ತಿಗೆ ಮಳೆ ಬಂದು ಸಂಪ್ ತುಂಬಿತ್ತು, ಸರಿ ಹೋಯ್ತು ಅನ್ಕೊಂಡ್ವಿ. ವಾರಕ್ಕೆ ಅದೇ ಕಥೆ. ಈ ಸಲ "ಅದು ಡೂಪ್ಲಿಕೇಟ್ ಮಾಲ್ ಸಾರ್" ಅಂತ ಹಿತ್ತಾಳೆದು ಹಾಕಿದ್ರು. ಮೂರನೇ ಸಲ ಬಂದವರು 1 ಹೆಚ್‌ಪಿ ಮೋಟ್ರೇ ಹಾಕ್ಬೇಕು, ಇದಕ್ಕೆ ಎಳೆಯೋ ತಾಕತ್ತಿಲ್ಲ ಅಂತಿದಾರೆ. ಹನ್ನೆರಡು ಸಾವಿರ ಕಕ್ಕೋಕೆ ಮುಂಚೆ ಒಂದು ಮಾತು ಕೇಳೋಣ ಅಂತ ಬಂದೆ.

ಸಂಪ್‌ಮೇಲೆ_ಕೂತೋನು:
ಫುಟ್‌ವಾಲ್ವ್ ಜಾಲರಿಗೆ ಎಲೆ ಮೆತ್ಕೊಂಡಿರುತ್ತೆ ಗುರು. ನಮ್ಮನೇಲೂ ಹಂಗೇ ಆಗಿತ್ತು, ಹೊಂಗೆ ಎಲೆ ಕೊಳೆತು ಜಾಲರಿ ಪೂರ್ತಿ ಮುಚ್ಚಿತ್ತು. ತಳದಿಂದ ಒಂದಡಿ ಮೇಲಕ್ಕೆ ಎತ್ತಿ ಕಟ್ಟಿ, ಕೆಸರು ಎಳೆಯಲ್ಲ.

ಕೆಂಗೇರಿ_ಕೋಡಿ:
ಎರಡು ಸಲ ಪೈಪ್ ಎತ್ತಿದಾಗ್ಲೂ ನಾನೇ ನೋಡ್ದೆ, ಜಾಲರಿ ಕ್ಲೀನ್ ಇತ್ತು. ತಳದಿಂದ ಒಂದು ಗೇಣು ಮೇಲೇ ಇದೆ.

ಅರಸೀಕೆರೆ_ತೆಂಗು:
1 ಹೆಚ್‌ಪಿ ಹಾಕ್ಬಿಡಿ ಸಾರ್, ತಲೆನೋವೇ ಇರಲ್ಲ. ನಮ್ ತೋಟದಲ್ಲಿ 5 ಹೆಚ್‌ಪಿ ಇದೆ, ಇವತ್ತಿನವರೆಗೂ ತೊಂದ್ರೆ ಕೊಟ್ಟಿಲ್ಲ.

ಹುಬ್ಬಳ್ಳಿ_ಮೋಟರ್_ಮಾಮಾ:
ತೋಟದ 5 ಹೆಚ್‌ಪಿಗೂ ಮನಿ ಸಂಪಿಗೂ ಏನು ಸಂಬಂಧ್ರಿ ಯಪ್ಪಾ 😄

ಕೆಂಗೇರಿಯವ್ರ, ಹೆಚ್‌ಪಿ ಜಾಸ್ತಿ ಮಾಡಿದ್ರ ಇದು ಸರಿ ಆಗಂಗಿಲ್ರಿ, ರೊಕ್ಕ ಹಾಳು. ಮೋಟರ್ ನೀರು ಎಳೀತೈತಿ ಅಂತ ನಾವು ಅಂತೇವಿ, ಖರೇ ಅಂದ್ರ ಅದು ಪೈಪಿನೊಳಗ ಒತ್ತಡ ಕಡಿಮಿ ಮಾಡತೈತಿ ಅಷ್ಟ, ನೀರನ್ನ ಮ್ಯಾಲೆ ದಬ್ಬೂದು ಹೊರಗಿನ ಗಾಳಿ. ಆ ಗಾಳಿಗಿ ದಬ್ಬಾಕ ಒಂದು ಲಿಮಿಟ್ ಐತಿ. ಸಮುದ್ರದ ದಂಡಿ ಮ್ಯಾಲೆ 10 ಮೀಟರ್ ಚಿಲ್ಲರ, ನಿಮ್ಮ ಬೆಂಗಳೂರು 900 ಮೀಟರ್ ಎತ್ತರದಾಗ ಐತಿ ಅಂತ ಒಂದು ಮೀಟರ್ ಕಮ್ಮಿ. ಪೈಪಿನ ತಿಕ್ಕಾಟ ಎಲ್ಲಾ ಕಳದು 6 ಮೀಟರ್ ಅಂತ ಹಿಡೀರಿ, ಅಂದ್ರ 20 ಅಡಿ ಹತ್ರ. ನಿಮ್ಮ ಸಂಪ್ ತಳಮಟ ಖಾಲಿ ಆದ್ರೂ ಮೋಟರಿಂದ 7 ಅಡಿ ಮ್ಯಾಲೆ ಆಗೂದಿಲ್ಲ. ಅರ್ಧ ಹೆಚ್‌ಪಿ ಅದನ್ನ ಆಟ ಆಡ್ಕೋತ ಎತ್ತತೈತಿ.

ಈಗ ನನಗ ಎರಡು ವಿಷಯ ಹೇಳ್ರಿ. ಮೇನ್ ಆಫ್ ಮಾಡಿ, ಪ್ರೈಮಿಂಗ್ ಪ್ಲಗ್ ಬಿಚ್ಚಿ ಕಂಠಮಟ ನೀರು ತುಂಬ್ರಿ, ಪ್ಲಗ್ ಹಾಕಬ್ಯಾಡ್ರಿ, ಅರ್ಧ ತಾಸು ಬಿಟ್ಟು ನೀರು ಎಷ್ಟು ಇಳದೈತಿ ನೋಡ್ರಿ. ಭರ್ರಂತ ಇಳದ್ರ ಫುಟ್‌ವಾಲ್ವ್, ಇಲ್ಲಂದ್ರ ಪಾಪ ಅದಕ್ಕ ಸುಮ್ನ ಬೈಯಾಕತ್ತೀರಿ. ಎರಡನೇದು, ಮೋಟರ್ ದಾಟಿ ಮ್ಯಾಲೆ ಹೋಗೂ ಪೈಪಿನಾಗ ನೀರು ವಾಪಸ್ ಬರದಂಗ ತಡಿಯೂ ವಾಲ್ವ್, ಅಂದ್ರ ಎನ್‌ಆರ್‌ವಿ ಐತೇನು?

ಶಿರಾ_ಗೇಟ್:
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ತುಮಕೂರಿಂದ. ನಮ್ಮ ಮಳೆನೀರು ಮೋಟ್ರು ಡಿಸೆಂಬರ್‌ನಿಂದ ಸುಮ್ನೆ ನಿಂತಿತ್ತು, ನಿನ್ನೆ ಆನ್ ಮಾಡಿದ್ರೆ ಗುಂಯ್ ಅಂತ ಸದ್ದು ಬರುತ್ತೆ, ತಿರುಗ್ತಾನೇ ಇಲ್ಲ.

ಹುಬ್ಬಳ್ಳಿ_ಮೋಟರ್_ಮಾಮಾ:
ಶಿರಾದವ್ರ, ಗುಂಯ್ ಅನ್ನೂವಾಗ ಸ್ವಿಚ್ ಹಿಡ್ಕೊಂಡು ನಿಂದ್ರಬ್ಯಾಡ್ರಿ, ವೈಂಡಿಂಗ್ ಸುಟ್ಟು ಹೋಗತೈತಿ. ಮಳಿನೀರಿನ ಮೋಟರಿಂದು ಇದ ರೋಗ, ನಾಕೈದು ತಿಂಗಳು ಓಡಂಗಿಲ್ಲ, ಒಳಗ ಜಂಗು ಹಿಡದು ಇಂಪೆಲ್ಲರ್ (ನೀರು ದಬ್ಬೂ ಚಕ್ರ) ಕಚ್ಕೋತೈತಿ. ಪವರ್ ತಗದು ಹಿಂದಿನ ಫ್ಯಾನ್ ಕಡೆ ಶಾಫ್ಟಿನ ತುದಿಯಾಗಿನ ಗೀರಿಗಿ ಸ್ಕ್ರೂಡ್ರೈವರ್ ಕೊಟ್ಟು ಕೈಯಿಂದ ತಿರುಗಸ್ರಿ. ಬಿಟ್ಕೊಂಡ್ರ ಮುಗೀತು. ಶಾಫ್ಟು ಸಲೀಸ ತಿರಗತೈತಿ, ಆದ್ರೂ ಗುಂಯ್ ಅಂತೈತಿ ಅಂದ್ರ ಕೆಪಾಸಿಟರ್. ಹಳೇದರ ಮ್ಯಾಲೆ ಎಷ್ಟು ಮೈಕ್ರೋಫ್ಯಾರಡ್ ಬರ್ದಿರತೈತೋ ಅಷ್ಟರದ ತರ್ರಿ, ಅಂಗಡಿಯಾಂವ ಜಾಸ್ತಿದು ಹಾಕ್ರಿ ಪವರ್ ಬರತೈತಿ ಅಂದ್ರ ಕೇಳಬ್ಯಾಡ್ರಿ. ಮುಂದಿನ ಬ್ಯಾಸಗಿಗಿ ವಾರಕ್ಕೊಮ್ಮೆ ಒಳಗ ನೀರು ತುಂಬಿ ಒಂದರ್ಧ ನಿಮಿಷ ಓಡಸ್ರಿ.

ಶಿರಾ_ಗೇಟ್:
ಕಚ್ಕೊಂಡೇ ಇತ್ತು! ತಿರುಗಿಸಿದ ತಕ್ಷಣ ಬಿಡ್ತು. ನಿಮ್ಗೆ ಪುಣ್ಯ ಬರ್ಲಿ.

ಕೆಂಗೇರಿ_ಕೋಡಿ:
ಮಾಮಾ, ಟೆಸ್ಟ್ ಮಾಡ್ದೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ನೀರು ಇಳಿದೇ ಇಲ್ಲ ಅನ್ಬಹುದು, ಒಂದು ನೂಲಿನಷ್ಟು ಇಳಿದಿತ್ತೇನೋ. ಎನ್‌ಆರ್‌ವಿ ಇದೆ, ಮೋಟ್ರು ಬಾಯಿಂದ ಒಂದಡಿ ಮೇಲೆ. ಹೊರಗಡೆ ಎಲ್ಲೂ ಒಂದು ಹನಿ ಸೋರ್ತಿಲ್ಲ, ಟಾರ್ಚ್ ಹಾಕಿ ನೋಡಿದೀನಿ, ಪೈಪೆಲ್ಲ ಒಣಗಿದೆ. ಅದಕ್ಕೇ ಪ್ಲಂಬರ್ರೂ ಜಾಯಿಂಟ್ ಎಲ್ಲ ಚೆನ್ನಾಗಿದೆ ಅಂದಿದ್ದು.

ಹುಬ್ಬಳ್ಳಿ_ಮೋಟರ್_ಮಾಮಾ:
ಆ ನೂಲ ಬೇಕಾಗಿತ್ತು ನೋಡ್ರಿ ನನಗ!

ಸಕ್ಷನ್ ಪೈಪು ಓಡೂವಾಗ ನೀರು ಸೋರಂಗಿಲ್ರಿ, ಗಾಳಿ ಕುಡೀತೈತಿ. ಒಳಗ ಎಳ್ಕೊಳ್ಳು ಪೈಪು ಹೊರಗ ಹೆಂಗ ಸೋರತೈತಿ? ಕೂದಲೆಳಿಯಷ್ಟು ಬಿರುಕು ಬಿಟ್ರೂ ಸಾಕು. ಮೋಟರ್ ನಿಂತಾಗಾದ್ರೂ ಮ್ಯಾಲಿನ ಟ್ಯಾಂಕಿನಮಟ ನಿಂತ ನೀರಿನ ಭಾರ ಬಿದ್ದು ಆ ಬಿರುಕಿನಿಂದ ಹನಿ ಒಸರಬೇಕು, ಆದ್ರ ನಿಮ್ಮ ಎನ್‌ಆರ್‌ವಿ ಆ ಭಾರನೆಲ್ಲ ಮ್ಯಾಲೇ ಹಿಡದು ನಿಲ್ಲಿಸೈತಿ. ಹಂಗಾಗಿ ಓಡಿದ್ರೂ ಒಣ, ನಿಂತ್ರೂ ಒಣ. ಕಳ್ಳ ಸಿಗೂದು ಹೆಂಗ?

ಸಂಪ್ ತುಂಬಿದಾಗ ಯಾಕ ಸರಿ ಓಡತೈತಿ ಅಂದ್ರ ಆಗ ನೀರು ಮೋಟರಿಗಿ ಎರಡಡಿ ಹತ್ರ ಇರತೈತಿ, ಎಳೆತ ಕಮ್ಮಿ, ಬಿರುಕಿನಾಗ ಬರೂ ಗಾಳಿನೂ ಕಮ್ಮಿ, ನೀರಿನ ಕೂಡ ಹೊರಗ ಹೋಗಿ ಬಿಡತೈತಿ. ನೀರು ಇಳದಂಗ ಇಳದಂಗ ಎಳೆತ ಜಾಸ್ತಿ, ಗಾಳಿ ಜಾಸ್ತಿ, ಕಡೀಕ ಇಂಪೆಲ್ಲರ್ ಸುತ್ತ ಬರೇ ಗಾಳಿ ಕುಂತು ನೀರು ಕೈ ಬಿಡತೈತಿ.

ಹುಡುಕೂದು ಸರಳ. ಒಂದು ಊದಿನಕಡ್ಡಿ ಹಚ್ರಿ. ಸಂಪ್ ಅರ್ಧ ಇದ್ದಾಗ ಮೋಟರ್ ಚಾಲೂ ಮಾಡಿ ಒಂದೊಂದ ಜಾಯಿಂಟಿನ ಹತ್ರ ಹಿಡೀರಿ, ಗಾಳಿ ಬೀಸ್ತಿದ್ರ ಸುತ್ತ ರಟ್ಟು ಅಡ್ಡ ಇಡ್ರಿ. ಎಲ್ಲಿ ಹೊಗಿ ಮ್ಯಾಲೆ ಹೋಗೂದು ಬಿಟ್ಟು ಪೈಪಿನ ಕಡೆ ಬಾಗತೈತೋ ಅಲ್ಲೇ ಐತಿ. ಸಿಕ್ಕ ಜಾಗಕ್ಕ ಗ್ರೀಸ್ ದಪ್ಪ ಬಳದು ಮತ್ತ ಓಡಸ್ರಿ, ಗಾಳಿ ನಿಂತ್ರ ಪಕ್ಕಾ. ನೀರು ಬರಲಾರದ ಜಾಸ್ತಿ ಹೊತ್ತು ಓಡಸಬ್ಯಾಡ್ರಿ, ಮೆಕ್ಯಾನಿಕಲ್ ಸೀಲ್ ಸುಡತೈತಿ.

ಸಂಪ್‌ಮೇಲೆ_ಕೂತೋನು:
ಊದಿನಕಡ್ಡಿ! ಹತ್ತು ವರ್ಷದಿಂದ ಸಂಪ್ ಇಟ್ಕೊಂಡಿದೀನಿ, ಇದು ಹೊಳೀಲೇ ಇಲ್ಲ. ನಾನು ಸೋಪು ನೀರು ಹಾಕಿ ಗುಳ್ಳೆ ಬರುತ್ತಾ ಅಂತ ಕಾಯ್ತಿದ್ದೆ, ಒಳಗೆ ಎಳೆಯೋ ಕಡೆ ಗುಳ್ಳೆ ಎಲ್ಲಿಂದ ಬರ್ಬೇಕು 🤦

ಕೆಂಗೇರಿ_ಕೋಡಿ:
ಸಿಕ್ತು ಸಿಕ್ತು ಸಿಕ್ತು!!

ಸಂಜೆ ಆರಕ್ಕೆ ಅಮ್ಮ ದೇವರ ಮನೇಲಿ ಹುಡುಕ್ತಿದ್ದ ಊದುಬತ್ತಿ ಪ್ಯಾಕೆಟ್ ನನ್ ಕೈಲಿ, ಮೋಟ್ರು ಮುಂದೆ ಕುಕ್ಕರಗಾಲಲ್ಲಿ ಕೂತು ಆರತಿ ಎತ್ತಿದ ಹಾಗೆ ಮಾಡ್ತಿದ್ದೆ, ಪಕ್ಕದ ಮನೆಯವ್ರು ಕಾಂಪೌಂಡ್ ಮೇಲಿಂದ ಇಣುಕಿ ಹೊಸ ಮೋಟ್ರು ಪೂಜೆನಾ ಅಂದ್ರು. ಎಲ್ಬೋ ಹತ್ರ ಏನೂ ಇಲ್ಲ, ಯೂನಿಯನ್ ಹತ್ರ ಏನೂ ಇಲ್ಲ. ಮೋಟ್ರು ಬಾಯಿಗೆ ಜಿಐ ನಿಪ್ಪಲ್ (ಥ್ರೆಡ್ ಇರೋ ಕಬ್ಬಿಣದ ತುಂಡು ಪೈಪು) ಹಾಕಿ ಅದರ ಮೇಲೆ ಪಿವಿಸಿ ಪೈಪ್ ಜೋಡಿಸೋ, ಒಳಗೆ ಥ್ರೆಡ್ ಇರೋ ಪ್ಲಾಸ್ಟಿಕ್ ಎಫ್‌ಟಿಎ ತಿರುಗಿಸಿದಾರಲ್ಲ, ಅಲ್ಲಿ ಹಿಡಿದ ತಕ್ಷಣ ಹೊಗೆ ಎಳೆ ತರ ಬಾಗಿ ಸುಂಯ್ ಅಂತ ಒಳಗೆ ಹೋಯ್ತು ಮಾಮಾ, ಮೈ ಜುಂ ಅಂತು. ಗ್ರೀಸ್ ಬಳಿದೆ, ಪ್ರೈಮ್ ಮಾಡ್ದೆ, ಇಪ್ಪತ್ತು ನಿಮಿಷ ಒಂದೇ ಸಮ ನೀರು.

ಬೆಳಿಗ್ಗೆ ಬಿಚ್ಚಿ ನೋಡಿದ್ರೆ ಎಫ್‌ಟಿಎ ಮೇಲ್ಭಾಗದಲ್ಲಿ ಅಂಚಿಂದ ಉದ್ದಕ್ಕೆ ಒಂದು ಸೀಳು, ಬೆಳಕಿಗೆ ಹಿಡಿದು ಬೆರಳಲ್ಲಿ ಅಗಲಿಸಿದ್ರೆ ಮಾತ್ರ ಕಾಣುತ್ತೆ. ಒಳಗೆ ಟೆಫ್ಲಾನ್ ಟೇಪು ಹಗ್ಗ ಸುತ್ತಿದ ಹಾಗೆ ಸುತ್ತಿದಾರೆ.

ಹುಬ್ಬಳ್ಳಿ_ಮೋಟರ್_ಮಾಮಾ:
ಟೇಪ್ ದಪ್ಪ ಸುತ್ತಿ ಪೈಪ್ ಪಾನಾ ಹಾಕಿ ಜಗ್ಗಿದ್ರ ಕಬ್ಬಿಣ ಸೀಳತೈತೇನು? ಪ್ಲಾಸ್ಟಿಕ್ಕ ಸೀಳಬೇಕು. ಮೊದಲ ಬಿಸಲಿಗಿ ಒಣಗಿ ಗಟ್ಟಿ ಆಗಿರತೈತಿ, ಮ್ಯಾಲೆ ಮೋಟರಿನ ನಡುಕ. ನಿಮ್ಮ ಪ್ಲಂಬರ್ ಫುಟ್‌ವಾಲ್ವ್ ಬದಲಸಾಕ ಎರಡು ಸಲ ಪೈಪ್ ಬಿಚ್ಚಿ ಮತ್ತ ಬಿಗಿ ಮಾಡ್ಯಾನಲ್ಲ, ಸೀಳನ್ನ ಅವನ ದೊಡ್ಡದು ಮಾಡ್ಯಾನ. ಒಳಗ ಹಿತ್ತಾಳಿ ಥ್ರೆಡ್ ಇರೂ ಎಫ್‌ಟಿಎ ಸಿಗತೈತಿ, ಅದನ್ನ ಹಾಕ್ರಿ. ಕೈಯಿಂದ ತಿರುಗಿಸಿ ಬಿಗಿ ಆದ ಮ್ಯಾಲೆ ಪಾನಾದಿಂದ ಒಂದು ಸುತ್ತು, ಹೆಚ್ಚಂದ್ರ ಒಂದೂವರೆ. ಪೈಪಿನ ಭಾರ ಮೋಟರ್ ಬಾಯಿ ಮ್ಯಾಲೆ ಬೀಳದಂಗ ಗ್ವಾಡಿಗಿ ಒಂದು ಕ್ಲಾಂಪ್ ಹೊಡೀರಿ.

ಕೆಂಗೇರಿ_ಕೋಡಿ:
ಹಾಕ್ದೆ. ಎಲ್ಲ ಸೇರಿ ಇನ್ನೂರು ರೂಪಾಯಿನೂ ಆಗ್ಲಿಲ್ಲ, ಎರಡು ಫುಟ್‌ವಾಲ್ವ್‌ಗೆ ಕೂಲಿ ಸೇರಿ ಎಷ್ಟು ಹೋಯ್ತು ಅಂತ ಹೇಳಲ್ಲ ಬಿಡಿ, ಹೆಂಡ್ತಿ ಇದನ್ನ ಓದ್ತಾಳೆ. ಇವತ್ತು ಬೇಕಂತಲೇ ಸಂಪನ್ನ ಒಂದೂವರೆ ಅಡಿವರೆಗೆ ಇಳಿಸ್ದೆ, ಎಲ್ಲೂ ಉಸಿರು ತಪ್ಪಲಿಲ್ಲ.

ಆದ್ರೆ ಅಷ್ಟು ಕೆಳಗಿನ ನೀರು ಬಂದಿದ್ದಕ್ಕೆ ಇನ್ನೊಂದು ಗೊತ್ತಾಯ್ತು, ಕೊಳೆತ ಮೊಟ್ಟೆ ವಾಸನೆ. ಇದಕ್ಕೇನು ಮಾಡೋದು?

ಮಳೆಲೆಕ್ಕ_ಜಯನಗರ:
ತಳದಲ್ಲಿ ಎಲೆ, ಪಾರಿವಾಳದ ಹಿಕ್ಕೆ, ತಾರಸಿ ಧೂಳು ಎಲ್ಲ ಕೂತು ಗಾಳಿ ಇಲ್ದೆ ಕೊಳೀತಿದೆ. ಸಂಪ್ ಖಾಲಿ ಮಾಡಿ ಕೆಸರು ತೆಗೀರಿ. ಇಳಿಯೋಕೆ ಮುಂಚೆ ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಿಸಿ, ಒಬ್ರೇ ಇಳೀಲೇಬೇಡಿ, ಆ ವಾಸನೆ ಗ್ಯಾಸ್ ಹುಡುಗಾಟ ಅಲ್ಲ. ಸಾಧ್ಯ ಆದ್ರೆ ಮೇಲಿಂದಾನೇ ಸ್ಲಡ್ಜ್ ಪಂಪ್‌ನಲ್ಲಿ ಎಳೆಸಿ. ಆಮೇಲೆ ತಿಳಿ ನೀರು ತುಂಬಿದ ಮೇಲೆ 1000 ಲೀಟ್ರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ, ನಿಮಗೆ 15 ಗ್ರಾಂ. ಬಕೆಟ್ಟಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹುಯ್ಯಿ, ಒಂದು ಗಂಟೆ ಬಿಟ್ಟು ಬಳಸಿ.

ಆದ್ರೆ ಇಷ್ಟೊಂದು ಕೊಳೆ ಒಳಗೆ ಬಂದಿದ್ದು ಹೆಂಗೆ ಅನ್ನೋದು ಮುಖ್ಯ. ಮೊದಲ ಮಳೆ ನೀರು ಹೊರಗೆ ಹಾಕೋ ಫಸ್ಟ್ ಫ್ಲಶ್ ಇದೆಯಾ?

ಕೆಂಗೇರಿ_ಕೋಡಿ:
ಇದೆ, ಫಿಲ್ಟರ್‌ಗೆ ಮುಂಚೆ 4 ಇಂಚು ಪೈಪು, ಐದಡಿ ಉದ್ದ ಕೆಳಗೆ ಇಳಿಬಿಟ್ಟಿದಾರೆ.

ಮಳೆಲೆಕ್ಕ_ಜಯನಗರ:
ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ 1 ಲೀಟ್ರು. ನಿಮ್ ತಾರಸಿ 1000 ಚದರಡಿ ಅಂದ್ರೆ 93 ಚದರ ಮೀಟರ್, ಮೊದಲ 1 ಮಿಲಿಮೀಟರ್ ತೊಳೆದು ಬರೋದೇ 93 ಲೀಟ್ರು. 4 ಇಂಚು ಪೈಪು ಅಡಿಗೆ ಎರಡೂವರೆ ಲೀಟ್ರು ಹಿಡಿಯುತ್ತೆ, ಐದಡಿಗೆ ಹನ್ನೆರಡು. ಮಿಕ್ಕಿದ ಎಂಬತ್ತು ಲೀಟ್ರು ಕೊಳಕು ನೀರು ಸೀದಾ ಫಿಲ್ಟರ್‌ಗೆ. ಪೈಪ್ ಬದಲು 100 ಲೀಟ್ರು ಡ್ರಮ್ ಕೂರಿಸಿ. ಮಾಡೆಲ್ ನೋಡ್ಬೇಕು ಅಂದ್ರೆ ಜಯನಗರ 5ನೇ ಬ್ಲಾಕಲ್ಲಿ ಜಲಮಂಡಳಿ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಒಂದು ಸಲ ಸುತ್ತಿ ಬನ್ನಿ.

ಅಂದಹಾಗೆ ಪ್ರತಿ ಮಳೆ ಆದ್ಮೇಲೆ ಕೆಳಗಿನ ಕ್ಯಾಪ್ ಬಿಚ್ಚಿ ಪೈಪ್ ಖಾಲಿ ಮಾಡ್ತೀರಾ ತಾನೆ?

ಕೆಂಗೇರಿ_ಕೋಡಿ:
ಯಾವ ಕ್ಯಾಪು?

ಮಳೆಲೆಕ್ಕ_ಜಯನಗರ:
😐

ಕೆಂಗೇರಿ_ಕೋಡಿ:
ಈಗ ಹೋಗಿ ಬಿಚ್ದೆ. ಮೂರು ವರ್ಷದಿಂದ ಯಾರೂ ಮುಟ್ಟಿರ್ಲಿಲ್ಲ, ಪಾನಾ ಹಾಕಿ ಒದ್ದಾಡ್ಬೇಕಾಯ್ತು. ಮೊದಲು ಏನೂ ಬರ್ಲಿಲ್ಲ, ಕಡ್ಡಿ ಹಾಕಿ ಚುಚ್ಚಿದ್ರೆ ರಾಗಿ ಅಂಬಲಿ ಥರ ಕರಿ ಕೆಸರು ದಬ್ ಅಂತ ಕಾಲ ಮೇಲೆ ಬಿತ್ತು, ಜೊತೆಗೆ ಒಂದು ಶಟಲ್ ಕಾಕ್. ಹನ್ನೆರಡು ಲೀಟ್ರು ಅಂದ್ರಲ್ಲ, ಹನ್ನೆರಡು ಲೋಟಕ್ಕೂ ಜಾಗ ಇರ್ಲಿಲ್ಲ. ಚಪ್ಪಲಿ ತೊಳೆದು ಬಂದು ಡ್ರಮ್ ಬಗ್ಗೆ ಕೇಳ್ತೀನಿ.